ವಿದ್ಯಾರ್ಥಿನಿ ನಿಲಯಕ್ಕೆ ಕಾವಲಷ್ಟೇ ಸಾಲದು

ಮಾನ್ಯರೇ,

ಕಾಲೇಜು ವಿದ್ಯಾರ್ಥಿನಿಯರ ಹಾಸ್ಟೆಲ್ ಎಂದೊಡನೆ ಚರ್ಚೆಯೆಲ್ಲ ಕಾಂಪೌಂಡಿನ ಎತ್ತರ, ಸಿಸಿಟಿವಿ ಕ್ಯಾಮೆರಾ ಮತ್ತು ಗೇಟು ಮುಚ್ಚುವ ಸಮಯದಲ್ಲೇ ಮುಗಿದುಹೋಗುತ್ತದೆ. ಸುರಕ್ಷತೆ ಬೇಕೇ ಬೇಕು. ಆದರೆ ಮೊದಲ ಬಾರಿಗೆ ಮನೆಯಿಂದ ದೂರವಾದ ಹುಡುಗಿಯೊಬ್ಬಳು ಊಟ ಬಿಟ್ಟು, ತರಗತಿಗೂ ಹೋಗದೆ ಮಂಚ ಹಿಡಿದು ಮಲಗಿದ್ದರೆ ಅದು ಯಾವ ಕ್ಯಾಮೆರಾದಲ್ಲೂ ದಾಖಲಾಗುವುದಿಲ್ಲ. ಪಕ್ಕದ ಕೋಣೆಯವಳಿಗೆ ಮಾತ್ರ ತಿಳಿಯುತ್ತದೆ.

ಇದನ್ನರಿತ ಹಲವು ವಿಶ್ವವಿದ್ಯಾಲಯಗಳು ಪ್ರತಿ ಮಹಡಿಗೂ ತರಬೇತಿ ಪಡೆದ ಹಿರಿಯ ವಿದ್ಯಾರ್ಥಿನಿಯೊಬ್ಬಳನ್ನು ನೇಮಿಸಿ, ಪ್ರತಿಯಾಗಿ ವಸತಿ ಶುಲ್ಕದಲ್ಲಿ ರಿಯಾಯಿತಿ ಇಲ್ಲವೇ ಭತ್ಯೆ ನೀಡುತ್ತವೆ. ಒಂದೇ ವಿಷಯ ಓದುವವರನ್ನು ಒಟ್ಟಿಗೆ ಇರಿಸುವ ಪದ್ಧತಿಯೂ ಇದೆ. ಹೆಣ್ಣುಮಕ್ಕಳ ಸಂಖ್ಯೆ ಕಡಿಮೆ ಇರುವ ಎಂಜಿನಿಯರಿಂಗ್ ವಿಭಾಗಗಳಲ್ಲಿ, ತರಗತಿಯಲ್ಲಿ ಕೇಳಲು ಹಿಂಜರಿದ ಪ್ರಶ್ನೆಯನ್ನು ರಾತ್ರಿ ಗೆಳತಿಯರೊಡನೆ ಕೂತು ಬಿಡಿಸಿಕೊಳ್ಳಲು ಇದರಿಂದ ಸಾಧ್ಯವಾಗುತ್ತದೆ. (ಅವರು ಉಳಿದವರಿಂದ ಬೇರೆಯಾಗಿಬಿಡುವ ಅಪಾಯವನ್ನೂ ಅಲ್ಲಗಳೆಯಲಾಗದು.)

ವಸತಿಯೂ ಹೆಣ್ಣುಮಕ್ಕಳ ಶಿಕ್ಷಣದ ಭಾಗವೆಂಬುದು ಹೊಸ ಆಲೋಚನೆಯೇನಲ್ಲ. 1869ರಲ್ಲಿ ಇಂಗ್ಲೆಂಡಿನ ಹಿಚಿನ್‌ನ ಬಾಡಿಗೆ ಮನೆಯಲ್ಲಿ ಐವರು ವಿದ್ಯಾರ್ಥಿನಿಯರೊಂದಿಗೆ ಆರಂಭವಾಗಿ, ಮುಂದೆ ಗರ್ಟನ್ ಕಾಲೇಜೆಂದು ಹೆಸರಾದ ಸಂಸ್ಥೆಗೆ ವಸತಿಯೇ ಬುನಾದಿಯಾಗಿತ್ತು. ಆ ಕಾಲೇಜು ಇಂದು ಸೇರಿರುವ ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮಹಿಳೆಯರಿಗೆ ಪೂರ್ಣ ಪದವಿ ಕೊಟ್ಟಿದ್ದು ಮಾತ್ರ 1948ರಲ್ಲಿ.

ಆದ್ದರಿಂದ ನಿಯಮ ರೂಪಿಸುವ ಹಾಸ್ಟೆಲ್ ಸಮಿತಿಯಲ್ಲಿ ವಿದ್ಯಾರ್ಥಿನಿಯರಿಗೆ ಮತದಾನದ ಹಕ್ಕುಳ್ಳ ಸ್ಥಾನ ಕೊಡಬೇಕು. ವಾರ್ಡನ್ ಹುದ್ದೆಯನ್ನು ಪಾಠದ ಹೊರೆಯ ಮೇಲೆ ಹೇರುವ ಹೆಚ್ಚುವರಿ ಕೆಲಸವೆಂದು ಭಾವಿಸದೆ ಪೂರ್ಣಾವಧಿಯ ಹೊಣೆಯಾಗಿಸಬೇಕು. ಆಪ್ತಸಮಾಲೋಚಕರು ಸಂಜೆಯ ಹೊತ್ತಿನಲ್ಲೂ ಸಿಗುವಂತಿರಬೇಕು, ಏಕೆಂದರೆ ಕಚೇರಿ ವೇಳೆಯಲ್ಲಿ ವಿದ್ಯಾರ್ಥಿನಿಯರು ತರಗತಿಯಲ್ಲಿರುತ್ತಾರೆ.

– ನಿವೃತ್ತ ವಾರ್ಡನ್