ಖಾರದ ಕೈ ತೊಳೆಯಲು ಒಂದು ನಲ್ಲಿ: ಬ್ಯಾಡಗಿ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ಮೆಣಸಿನಕಾಯಿ ಸೀಜನ್ನಿನಲ್ಲಿ ಅವ್ವನ ಜೊತೆ ನಾನೂ ತೊಟ್ಟು ಬಿಡಿಸಲು ಹೋಗುತ್ತೇನೆ. ನಮ್ಮ ಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಇದು ಈ ಸೀಮೆಯದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಆ ಕಾಯಿ ಬಿಡಿಸುವವರು ಒಂದಕ್ಕೆ ಎಲ್ಲಿ ಹೋಗುತ್ತಾರೆ ಅಂತ ಮಾತ್ರ ಯಾರೂ ಕೇಳಿದ್ದಿಲ್ಲ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಹೋದ ವರ್ಷ ನನಗೆ ಒಂದಕ್ಕೆ ಹೋದಾಗ ಉರಿ ಶುರುವಾಯಿತು. ತಲೆ ಕೆಡಿಸಿಕೊಳ್ಳಲಿಲ್ಲ. ನಮಗೆ ಉರಿ ಹೊಸದಲ್ಲ. ಖಾರದ ಕೈಯಲ್ಲೇ ಲಾಡಿ ಬಿಚ್ಚಬೇಕು, ಅದೇ ಕೈಯಲ್ಲಿ ತೊಳೆದುಕೊಳ್ಳಬೇಕು. ಎಲ್ಲೆಲ್ಲಿ ಉರಿಯುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? "ಕಾಯೀ ಉರಿ ಇರಬೇಕ್ ಬಿಡವಾ, ಎಣ್ಣಿ ಹಚ್ಚಿಕೊ" ಅಂದಳು ಅವ್ವ. ನಾಲ್ಕನೇ ದಿನ ಚಳಿಜ್ವರ, ಪಕ್ಕೆಯಲ್ಲಿ ನೋವು. ಡಾಕ್ಟರು ಮೂತ್ರ ಪರೀಕ್ಷೆ ಮಾಡಿಸಿ, ಸೋಂಕು ಕಿಡ್ನಿಗೆ ಏರಿದೆ ಅಂದರು. "ದಿನಕ್ಕ ಎಷ್ಟು ನೀರು ಕುಡೀತಿ?" ಅಂತ ಕೇಳಿದರು. ಲೆಕ್ಕ ಹಾಕಿದೆ. ಮುಂಜಾನೆ ಚಹಾ, ಮಧ್ಯಾಹ್ನ ರೊಟ್ಟಿ ಜೊತೆ ಒಂದು ಲೋಟ ನೀರು. ಅಷ್ಟೇ.

ಬಾಯಾರಿಕೆ ಆಗುವುದಿಲ್ಲ ಅಂತಲ್ಲ. ಕುಡಿದರೆ ಎದ್ದು ಹೋಗಬೇಕಲ್ಲ. ನಾವು ಕೂರುವ ಗೋದಾಮಿನಲ್ಲಿ ಶೌಚಾಲಯ ಇದೆ, ಅದಕ್ಕೆ ಬೀಗವೂ ಇದೆ, ಕೀಲಿ ಗುಮಾಸ್ತರ ಹತ್ತಿರ. ಹತ್ತು ಗಂಡಸರ ಎದುರು ಕೀಲಿ ಕೇಳುವುದಕ್ಕಿಂತ ತಡೆದುಕೊಂಡು ಕೂರುವುದೇ ಸುಲಭ. ಮೇಲಾಗಿ ಕೆಜಿ ಲೆಕ್ಕದ ಕೂಲಿ. ಎದ್ದಷ್ಟು ಸಲ ಲುಕ್ಸಾನು.

ಮೆಣಸಿನಕಾಯಿಯಿಂದ ಈ ಸೋಂಕು ಬರುವುದಿಲ್ಲ, ಪಾಪ ಅದರ ಮೇಲೆ ತಪ್ಪು ಹಾಕುವುದು ಬೇಡ. ಹೆಚ್ಚಾಗಿ ನಮ್ಮ ಕರುಳಿನಲ್ಲೇ ಇರುವ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮೂತ್ರದ ದಾರಿ ಹಿಡಿದು ಮೇಲೇರುತ್ತದೆ. ಹೆಂಗಸರಲ್ಲಿ ಆ ದಾರಿ ಬರೀ 4 ಸೆಂಟಿಮೀಟರ್ ಆಸುಪಾಸು. ಆಗಾಗ ಒಂದಕ್ಕೆ ಹೋಗುತ್ತಿದ್ದರೆ ಅದು ತೊಳೆದು ಹೋಗುತ್ತದೆ. ತಡೆದರೆ ಒಳಗೇ ಬೆಳೆಯುತ್ತದೆ. ಪದೇ ಪದೇ ಸೋಂಕಾಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರ ಮೇಲೆ ನಡೆದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಗಿದೆ. ದಿನಕ್ಕೆ ಒಂದೂವರೆ ಲೀಟರ್ ನೀರು ಜಾಸ್ತಿ ಕುಡಿದವರಿಗೆ ಸೋಂಕು ಹತ್ತಿರ ಹತ್ತಿರ ಅರ್ಧಕ್ಕೆ ಇಳಿದಿತ್ತು. ಇಷ್ಟು ಅಗ್ಗದ ಮದ್ದು ಇನ್ನೊಂದು ಸಿಗಲಿಕ್ಕಿಲ್ಲ. ಆದರೆ ಬೀಗ ಹಾಗೇ ಇಟ್ಟು 'ನೀರು ಜಾಸ್ತಿ ಕುಡಿಯಿರಿ' ಅಂತ ಕರಪತ್ರ ಹಂಚಿದರೆ ನಮಗೆ ನಗು ಬರುತ್ತದೆ.

ಕಲ್ಲಿನಲ್ಲಿ ಹೆಸರು ಕೆತ್ತಿಸುವಂಥ ದೊಡ್ಡ ಕಟ್ಟಡ ನಾವು ಕೇಳುತ್ತಿಲ್ಲ. ಇರುವ ಶೌಚಾಲಯಗಳ ಬೀಗ ತೆಗೆಸಿ. ಒಳಗೆ ಚಿಲಕ, ನೀರು ಇರಲಿ. ಮುಖ್ಯವಾಗಿ ಬಾಗಿಲ ಹೊರಗೆ ಒಂದು ನಲ್ಲಿ, ಒಂದು ಸೋಪು. ಎಲ್ಲರೂ ಹೋಗಿ ಬಂದ ಮೇಲೆ ಕೈ ತೊಳೆಯುತ್ತಾರೆ. ನಾವು ಹೋಗುವ ಮೊದಲೂ ತೊಳೆಯಬೇಕು. ಆಶಾ ಕಾರ್ಯಕರ್ತೆಯರು ಸೀಜನ್ನಿನಲ್ಲಿ ನಮ್ಮ ಕಡೆ ಬಂದು, ಉರಿ ಇದ್ದವರನ್ನು ಮೂತ್ರ ಪರೀಕ್ಷೆಗೆ ಕಳಿಸಲಿ. ಬಸುರಿಯರನ್ನಂತೂ ಮೊದಲು ಕಳಿಸಲಿ, ಈ ಸೋಂಕು ಜೋರಾದರೆ ದಿನ ತುಂಬುವ ಮೊದಲೇ ಹೆರಿಗೆ ಆಗಬಹುದು. ಈಗೇನಾಗಿದೆ ಅಂದರೆ, ಮೆಡಿಕಲ್ ಶಾಪಿನಿಂದ ಎರಡು ಗುಳಿಗೆ ತಂದು ನುಂಗುತ್ತೇವೆ, ಉರಿ ನಿಂತ ಕೂಡಲೇ ಬಿಡುತ್ತೇವೆ. ಎರಡು ವಾರಕ್ಕೆ ಮತ್ತೆ ಅದೇ ಉರಿ.

ಸೋಮವಾರ, ಗುರುವಾರ ಮಾರ್ಕೆಟ್ಟಿನ ದಿನ ಬಂದರೆ ನಿಮಗೆ ಹಾರ ಹಾಕುವವರೇ ಜಾಸ್ತಿ. ಬೇರೆ ದಿನ ಬನ್ನಿ, ಮಧ್ಯಾಹ್ನ ಎರಡು ಗಂಟೆಗೆ. ನಮ್ಮ ಜೊತೆ ಒಂದು ಹತ್ತು ನಿಮಿಷ ಕಾಯಿ ಬಿಡಿಸಿ. ಆಮೇಲೆ ಎದ್ದು ಹೋಗಿ ಆ ಕೀಲಿ ಕೇಳಿ ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರಳು