ಕ್ಯಾಮೆರಾ ಮುಂದೆ ನಿಂತ ಎಲ್ಲರಿಗೂ

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಅಂತ ದಾವಣಗೆರೆಯಲ್ಲಿ ಶುರು ಮಾಡಿದ ನಮ್ಮ ಫೋಟೊ ಪ್ರದರ್ಶನ ಭಾನುವಾರ ಮುಗಿಯಿತು. ಇದು ನನ್ನ ಮೊದಲ ಪ್ರದರ್ಶನ. ಮದುವೆ, ನಾಮಕರಣ, ಗೃಹಪ್ರವೇಶ ಅಂತ ವರ್ಷವಿಡೀ ಓಡಾಡುವ ನನ್ನಂಥವನಿಗೆ ಗೋಡೆ ಮೇಲೆ ತನ್ನ ಚಿತ್ರ ನೋಡುವುದು ಸಣ್ಣ ವಿಷಯವಲ್ಲ. ಬಂದವರೆಲ್ಲ "ಚೆನ್ನಾಗಿ ತೆಗೆದಿದ್ದೀರಿ" ಅಂದರು. ತುಂಬಾ ಖುಷಿಯಾಯಿತು. ಆದರೆ ಆ ಮಾತು ಕ್ಯಾಮೆರಾ ಮುಂದೆ ನಿಂತವರಿಗೂ ಸಲ್ಲಬೇಕು. ಅದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಇವರಲ್ಲಿ ಯಾರಿಗೂ ಮಾಡೆಲಿಂಗ್ ಕಸುಬಲ್ಲ. ಒಬ್ಬರು ಪಿಯು ಕಾಲೇಜಿನ ಉಪನ್ಯಾಸಕಿ, ಒಬ್ಬರು ನರ್ಸ್, ಒಬ್ಬರು ಹತ್ತಿ ಮಿಲ್ಲಿನಲ್ಲಿ ದುಡಿದ ಅಜ್ಜ, ಇನ್ನೊಬ್ಬಳು ಬಿ.ಕಾಂ. ಓದುವ ಹುಡುಗಿ.

ಮೊದಲು ಮೇಡಂ ಬಗ್ಗೆ ಹೇಳುತ್ತೇನೆ. ಚಿತ್ರದುರ್ಗದ ಕೋಟೆಯಲ್ಲಿ ತೆಗೆದ ಓಬವ್ವನ ಫೋಟೊ ಮುಂದೆ ಜನ ಜಾಸ್ತಿ ಹೊತ್ತು ನಿಂತರಲ್ವಾ, ಅದರ ಕಲ್ಪನೆ ಪೂರ್ತಿ ಅವರದು. ನಾನು ಒನಕೆ ಹೊಂದಿಸಿಟ್ಟಿದ್ದೆ. ಹವ್ಯಾಸಿ ನಾಟಕಗಳಲ್ಲಿ ಪಾತ್ರ ಮಾಡುವ ಮೇಡಂ ಅದನ್ನು ಮುಟ್ಟಲೇ ಇಲ್ಲ. "ಸರ್, ಒನಕೆ ಎತ್ತಿದ ಓಬವ್ವನನ್ನ ಎಲ್ಲರೂ ನೋಡಿದ್ದಾರೆ. ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಅಂತ ಬಂದಿದ್ದಾಳೆ, ಕಿಂಡಿ ಹತ್ತಿರ ಏನೋ ಸದ್ದು. ಹೈದರಾಲಿಯ ಸೈನಿಕರು ಅಂತ ಇನ್ನೂ ಗೊತ್ತಿಲ್ಲ. ಆ ಗಳಿಗೆ ತೆಗೆಯೋಣವಾ?" ಅಂದರು. ಕೊಡ ಅವರ ಮನೆಯಿಂದಲೇ ಬಂತು.

ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸುಪರ್ದಿಯಲ್ಲಿದೆ. ಟ್ರೈಪಾಡ್ ನಿಲ್ಲಿಸಬೇಕೆಂದರೂ ಅನುಮತಿ ಬೇಕು. ಹಾಗಾಗಿ ಕೈಯಲ್ಲೊಂದು ಕ್ಯಾಮೆರಾ, 35 ಎಂಎಂ ಲೆನ್ಸ್, ಬೆಳಗಿನ ಬಿಸಿಲು ಅಷ್ಟೇ. ಕಿಂಡಿ ಇಕ್ಕಟ್ಟು, ಒಳಗೆ ಕತ್ತಲು. ಆದರೆ ಹೊರಗಿನ ಬಂಡೆಗೆ ಬಿದ್ದ ಬಿಸಿಲು ತಿರುಗಿ ಮುಖಕ್ಕೆ ಮೆತ್ತಗೆ ಬೀಳುತ್ತದೆ. ಮೇಡಂ ಚಪ್ಪಲಿ ಬಿಚ್ಚಿಟ್ಟು ಕಲ್ಲಿನ ಮೇಲೆ ನಿಂತರು. ನಾಲ್ಕಾರು ಫೋಟೊ ಆದ ಮೇಲೆ ಇಬ್ಬರೂ ಕೂತು ಸ್ಕ್ರೀನ್ ನೋಡುತ್ತಿದ್ದೆವು. ನನಗೆ ಚೆನ್ನಾಗಿ ಕಂಡ ಒಂದನ್ನು ಅವರು ಒಪ್ಪಲಿಲ್ಲ. "ಕಣ್ಣಲ್ಲಿ ಹೆದರಿಕೆ ಇದೆ, ಇದು ಬೇಡ. ಅವಳು ಹೆದರಿಲ್ಲ, ಕೇಳಿಸಿಕೊಳ್ತಿದ್ದಾಳೆ." ಮತ್ತೆ ಹೋಗಿ ನಿಂತರು. ಪ್ರದರ್ಶನದ ಗೋಡೆ ಮೇಲಿದ್ದ ಫೋಟೊದಲ್ಲಿ ಎಡಗೈ ಕೊಡದ ಕಂಠದ ಮೇಲಿದೆ, ಕತ್ತು ಕಿಂಡಿಯ ಕಡೆ ತುಸು ವಾಲಿದೆ, ಕಾಲಿನ ಹೆಬ್ಬೆರಳು ಕಲ್ಲನ್ನು ಒತ್ತಿ ಹಿಡಿದಿದೆ. ಆ ಹೆಬ್ಬೆರಳನ್ನು ನಾನು ಹೇಳಿ ಮಾಡಿಸಲಿಕ್ಕೆ ಆಗುತ್ತಿರಲಿಲ್ಲ. ಮೇಡಂ, ಆ ಫೋಟೊಗೆ ನೀವು ಕೊಟ್ಟಿದ್ದು ಬರೀ ಮುಖವಲ್ಲ. ನಿಮಗೆ ಕೈಮುಗಿದು ಧನ್ಯವಾದ.

ನರ್ಸ್ ಅಕ್ಕ ರಾತ್ರಿ ಡ್ಯೂಟಿ ಮುಗಿಸಿ, ನಿದ್ದೆ ಬಿಟ್ಟು ಸ್ಟುಡಿಯೋಗೆ ಬಂದವರು. ಕೂರುವ ಮೊದಲೇ ಒಂದು ಮಾತು ಹೇಳಿದರು: "ನನ್ನ ಬಣ್ಣ ತಿಳಿ ಮಾಡಬೇಡಿ ಅಣ್ಣ. ಮದುವೆ ಆಲ್ಬಂನಲ್ಲಿ ನಾನು ಯಾರೋ ಆಗಿಬಿಟ್ಟಿದ್ದೀನಿ." ನಮ್ಮ ಕಸುಬಿನಲ್ಲಿ ಇದು ಹಳೇ ರೋಗ. 1950ರ ದಶಕದಿಂದ ಕೊಡಕ್ ಕಂಪನಿ ಪ್ರಿಂಟ್ ಲ್ಯಾಬ್‌ಗಳಿಗೆ ಕಳಿಸುತ್ತಿದ್ದ ಶರ್ಲಿ ಕಾರ್ಡ್‌ನಲ್ಲಿ ಇದ್ದಿದ್ದು ಬಿಳಿ ಹೆಂಗಸಿನ ಚಿತ್ರ. ಆ ಚರ್ಮ ಸರಿಯಾಗಿ ಬಂದರೆ ಬಣ್ಣ ಸರಿ ಅಂತ ಲೆಕ್ಕ. ಈಗ ಆ ಕೆಲಸವನ್ನು ಬ್ಯೂಟಿ ಫಿಲ್ಟರ್‌ಗಳು ಮಾಡುತ್ತಿವೆ. ಕಪ್ಪು ಮೈಬಣ್ಣದ ಚೆಲುವು ಮೇಲೆ ಆಡುವ ಹೊಳಪಿನಲ್ಲಿದೆ. ನೇರ ಫ್ಲಾಶ್ ಹೊಡೆದರೆ ಆ ಹೊಳಪು ಸಾಯುತ್ತದೆ. ಬೆಳಕನ್ನು ಮೆತ್ತಗೆ ಮಾಡುವ ದೊಡ್ಡ ಸಾಫ್ಟ್‌ಬಾಕ್ಸ್ ಲೈಟ್ ಒಂದನ್ನು ಮುಖದ ಒಂದು ಪಕ್ಕಕ್ಕೆ ಇಟ್ಟು, ಈಚೆ ಕಡೆ ಬಿಳಿ ಥರ್ಮೋಕೋಲ್ ಹಿಡಿದೆವು. ಕೆನ್ನೆಯ ಮೂಳೆ, ಹಣೆ, ಹೆಗಲಿನ ಅಂಚು ಒಂದೊಂದಾಗಿ ಎದ್ದು ಬಂದವು. ಸ್ಕ್ರೀನ್ ನೋಡಿ ಅಕ್ಕ, "ಹ್ಞಾಂ, ಇದು ನಾನು" ಅಂದರು. ನನ್ನ ಇಷ್ಟು ವರ್ಷದ ಕೆಲಸಕ್ಕೆ ಸಿಕ್ಕ ದೊಡ್ಡ ಬಹುಮಾನ ಅದು. ಅಕ್ಕ, ಆ ಮಾತನ್ನು ಬಾಯಿಬಿಟ್ಟು ಕೇಳಿದ್ದಕ್ಕೆ ಋಣಿ. ಈಗ ಮದುವೆ ಆಲ್ಬಂನಲ್ಲೂ ಯಾರ ಬಣ್ಣಕ್ಕೂ ನಾನು ಕೈ ಹಾಕುವುದಿಲ್ಲ.

ಮಿಲ್ಲಿನ ಅಜ್ಜನಿಗೆ ಸ್ಟೂಲ್ ಹಾಕಿಕೊಟ್ಟರೆ ಕೂರಲಿಲ್ಲ. "ಕೂತು ಕೆಲಸ ಮಾಡಿದವನಲ್ಲಪ್ಪ ನಾನು, ನಿಂತಂಗೇ ತೆಗಿ" ಅಂದರು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಈ ಊರಿಗೆ ಹೆಸರು ತಂದಿದ್ದು ಇಂಥವರ ಕಾಲು. ಫ್ರೇಮಿನಲ್ಲಿ ಪಾದದವರೆಗೂ ಜಾಗ ಬಿಟ್ಟಿದ್ದೇನೆ ಅಜ್ಜ.

ಬಿ.ಕಾಂ. ಹುಡುಗಿ ಉಟ್ಟಿದ್ದು ಮೊಳಕಾಲ್ಮೂರು ರೇಷ್ಮೆ ಸೀರೆ. ನಂಬಿ ಸೀರೆ ಕೊಟ್ಟ ನೇಕಾರರ ಮನೆಯವರಿಗೆ ದೊಡ್ಡ ನಮಸ್ಕಾರ. ಲೈಟಿನ ಕೆಳಗೆ ಜರಿಯಂಚು ಬೆಳ್ಳಗಾಗಿ ಹೋಗುತ್ತಿತ್ತು. ಸೆರಗನ್ನು ಒಂಚೂರು ಓರೆ ಹಿಡಿದರೆ ಸರಿಯಾಗುತ್ತದೆ ಅಂತ ಕಂಡುಹಿಡಿದಿದ್ದು ಅವಳೇ.

ಇಲ್ಲೊಂದು ಮಾತು. ಫೋಟೊಗ್ರಾಫರ್, ಮಾಡೆಲ್ ಇಬ್ಬರೂ ಸೇರಿ ಮಾಡುವ ಕೊಲ್ಯಾಬ್ ಶೂಟ್ ಅಂದರೆ ದುಡ್ಡಿಲ್ಲ, ಫೋಟೊ ಮಾತ್ರ ಅನ್ನುವ ರೂಢಿ ಇದೆ. ಇಬ್ಬರಿಗೂ ಒಪ್ಪಿಗೆ ಇದ್ದರೆ ಸರಿ. ಆದರೆ ಫೋಟೊದಿಂದ ಒಬ್ಬರಿಗೆ ಮಾತ್ರ ಹಣ ಬರುವುದು ನನಗೆ ಸರಿ ಕಾಣುವುದಿಲ್ಲ. ಶೂಟಿಗೆ ಮೊದಲೇ ನಾವು ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದುಕೊಂಡಿದ್ದೆವು. ಫೋಟೊ ಎಲ್ಲಿ ಹಾಕಬಹುದು, ಎಲ್ಲಿ ಹಾಕಬಾರದು, ಬೇಡ ಅಂದದ್ದನ್ನು ಅಳಿಸಬೇಕು, ಪ್ರಿಂಟ್ ಮಾರಾಟವಾದರೆ ಪಾಲು ಎಷ್ಟು, ಎಲ್ಲ ಅದರಲ್ಲೇ ಇದೆ. ಅದಕ್ಕೇ ಇರಬೇಕು, ಕ್ಯಾಮೆರಾ ಎದುರು ಯಾರೂ ಮೈ ಬಿಗಿಹಿಡಿದು ನಿಲ್ಲಲಿಲ್ಲ.

ಥರ್ಮೋಕೋಲ್ ಹಿಡಿದು ನಿಂತ ನಮ್ಮ ಹುಡುಗರಿಗೆ, ಸುಮ್ನೆ ನಿಂತು ನಮಗೆ ದಾರಿ ಬಿಟ್ಟ ಕೋಟೆಯ ಪ್ರವಾಸಿಗರಿಗೆ, ಸಾಲಕ್ಕೆ ಫ್ರೇಮ್ ಹಾಕಿಕೊಟ್ಟ ಅಂಗಡಿಯವರಿಗೆ, ಸೀಸನ್‌ನಲ್ಲಿ ಮದುವೆ ಆರ್ಡರ್ ಬಿಟ್ಟರೂ ಏನೂ ಅನ್ನದ ಮನೆಯವಳಿಗೆ, ಮಳೆಯಲ್ಲೂ ಬಂದು ನೋಡಿದ ಊರಿನವರಿಗೆ ವಂದನೆಗಳು.

ಪ್ರಿಂಟ್‌ಗಳನ್ನು ಗೋಡೆಯಿಂದ ಇಳಿಸಿ ಸ್ಟುಡಿಯೋದಲ್ಲಿ ಇಟ್ಟಿದ್ದೇನೆ. ನಿಮ್ಮ ನಿಮ್ಮ ಫ್ರೇಮ್ ನಿಮಗೇ. ಮಾರಾಟದ ಲೆಕ್ಕವೂ ಬರೆದಿಟ್ಟಿದೆ, ಬಂದಾಗ ನೋಡಿ ನಿಮ್ಮ ಪಾಲು ತೆಗೆದುಕೊಂಡು ಹೋಗಿ. ಅಜ್ಜ, ನೀವು ಬರುವುದು ಬೇಡ, ನಾನೇ ಮನೆಗೆ ತಂದು ಕೊಡುತ್ತೇನೆ.