ಕೈ ಕಟ್ಟುವ ಮುನ್ನ

ಪ್ರೀತಿಯ ಮಗಳೇ,

"ನಿನ್ನ ಕಾಲದ ಕ್ಯಾಜುವಾಲ್ಟಿಯೇ ಬೇರೆ ಅಮ್ಮ, ಈಗ ಒಬ್ಬೊಬ್ಬರ ಪಕ್ಕ ಕೂರುವಷ್ಟು ಪುರುಸೊತ್ತು ಯಾರಿಗಿದೆ?" ಎಂದು ನೀನು ನಿನ್ನೆ ಫೋನ್ ಇಟ್ಟೆ. ಮರೆವಿನ ಕಾಯಿಲೆಯ ಅಜ್ಜನೊಬ್ಬ ಡ್ರಿಪ್ ಕೀಳುತ್ತಿದ್ದುದರಿಂದ ಕೈಗಳನ್ನು ಮಂಚದ ಸರಳಿಗೆ ಕಟ್ಟಬೇಕಾಯಿತೆಂದು ಕೇಳಿ ನನ್ನ ದನಿ ಏರಿತು. ರಾತ್ರಿಯಿಡೀ ನಿಂತು ದಣಿದಿದ್ದವಳ ಮೇಲೆ ರೇಗಿದ್ದಕ್ಕೆ ಬೇಸರಿಸಬೇಡ. ಆದರೆ ಹೇಳಬೇಕಾದ ಮಾತು ಉಳಿದೇ ಹೋಯಿತು.

ನಾನು ನರ್ಸಾಗಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿಯನ್ನು ಕರೆತಂದಿದ್ದರು. ಹೊದಿಕೆ ಎಸೆಯುವುದು, ಮಂಚದಿಂದ ಇಳಿಯಲು ಕಾಲು ಚಾಚುವುದು, ತಡೆದವರನ್ನು ಪರಚುವುದು ನಡೆದೇ ಇತ್ತು. ಕೇಸ್ ಶೀಟಿನಲ್ಲಿ ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆ, ಎಂದಿದ್ದುದರಿಂದ ಬೇರೆ ಕಾರಣ ಹುಡುಕಬೇಕೆಂದು ಯಾರಿಗೂ ತೋಚಲಿಲ್ಲ. ನಿದ್ರೆಯ ಇಂಜೆಕ್ಷನ್ ಸಿದ್ಧವಾಗುತ್ತಿತ್ತು. ಅಷ್ಟರಲ್ಲಿ ನಮ್ಮ ಹಿರಿಯ ಸಿಸ್ಟರ್ ಬಂದು, ಅಜ್ಜಿಯ ಮುಖದ ಮಟ್ಟಕ್ಕೆ ಬಾಗಿ ತಮ್ಮ ಹೆಸರು ಹೇಳಿ, ಮೆಲ್ಲನೆ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟರು. ಹೊಟ್ಟೆ ಕಲ್ಲಿನಂತೆ ಬಿಗಿದಿತ್ತು. ಮೂತ್ರ ಕಟ್ಟಿಕೊಂಡಿತ್ತು. ಕ್ಯಾತಿಟರ್ ಹಾಕಿ ಖಾಲಿ ಮಾಡಿದ ಸ್ವಲ್ಪ ಹೊತ್ತಿಗೆ ಪರಚುತ್ತಿದ್ದ ಆ ಕೈಗಳು ಹಾಸಿಗೆಯ ಮೇಲೆ ಸಡಿಲವಾಗಿ ಬಿದ್ದವು.

ಇಂಜೆಕ್ಷನ್ ಕೊಟ್ಟುಬಿಟ್ಟಿದ್ದರೆ ಏನಾಗುತ್ತಿತ್ತೆಂದು ಈಗಲೂ ಲೆಕ್ಕ ಹಾಕುತ್ತೇನೆ. ಒದ್ದಾಟ ನಿಲ್ಲುತ್ತಿತ್ತು, ಸಂಕಟ ನಿಲ್ಲುತ್ತಿರಲಿಲ್ಲ, ಮತ್ತು ಕೆಲಸ ಸುಸೂತ್ರವಾಯಿತೆಂದು ನಾವೆಲ್ಲ ನೆಮ್ಮದಿಯಾಗಿ ಮುಂದಿನ ಮಂಚಕ್ಕೆ ಹೋಗುತ್ತಿದ್ದೆವು. ಆ ನೆಮ್ಮದಿಯೇ ನನಗೆ ಹೆಚ್ಚು ಭಯ ಹುಟ್ಟಿಸುವುದು. ಅಜ್ಜಿಗೆ ಮೂತ್ರ ಕಟ್ಟಿದೆಯೆಂದು ಹೇಳಲು ಬಾಯಿಗೆ ಮಾತು ಬರಲಿಲ್ಲ, ಆದ್ದರಿಂದ ಕೈಕಾಲು ಹೇಳುತ್ತಿದ್ದವು. ನಾವು ಅದನ್ನು ರೋಗದ ಗಲಾಟೆಯೆಂದುಕೊಂಡೆವು. ಇದನ್ನು ನಿನಗೆ ಹಿಂದೆಯೂ ಹೇಳಿರಬಹುದು, ಮತ್ತೆ ಓದು.

ಡಾಕ್ಟರಾದವಳಿಗೆ ನರ್ಸು ಪಾಠ ಹೇಳುವುದೇ ಎಂದು ನಗಬೇಡ. ಮರೆವಿನ ಕಾಯಿಲೆ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕೆರಳಿ, ಒಮ್ಮೆ ಹೆಚ್ಚಿ ಒಮ್ಮೆ ತಗ್ಗುವ ಗೊಂದಲ ಡೆಲಿರಿಯಂ, ಅಂದರೆ ದೇಹದ ಬೇರೆ ತೊಂದರೆಯಿಂದ ದಿಢೀರನೆ ಬುದ್ಧಿ ಕಂಗೆಡುವುದು, ಆಗಿರುವ ಸಂಭವವೇ ಹೆಚ್ಚು, ಮತ್ತು ಅದರ ಹಿಂದೆ ಸೋಂಕು, ಇಳಿದ ಸೋಡಿಯಂ, ಮಲಬದ್ಧತೆ, ಹೊಸ ಮಾತ್ರೆ ಅಥವಾ ಮುರಿದ ಸೊಂಟವಿರಬಹುದು. ಡೆಲಿರಿಯಂ ಗುರುತಿಸುವ ಫೋರ್ ಎ ಟಿ ಪರೀಕ್ಷೆಗೆ ಎರಡು ನಿಮಿಷ ಸಾಕು, ಆದರೆ "ಇವರು ಮೊನ್ನೆ ಹೇಗಿದ್ದರು?" ಎಂಬುದಕ್ಕೆ ಉತ್ತರ ಹೊರಗೆ ಕಾಯುವ ಮನೆಯವರ ಬಳಿಯೇ ಇರುತ್ತದೆ. ಕೂಗುವವರ ಕಡೆ ಹೇಗೂ ಎಲ್ಲರೂ ಓಡುತ್ತಾರೆ. ಮಂಕಾಗಿ ಸುಮ್ಮನೆ ಮಲಗಿರುವವರ ಡೆಲಿರಿಯಂ ಯಾರ ಕಣ್ಣಿಗೂ ಬೀಳುವುದಿಲ್ಲ. ನೋವನ್ನೂ ಹೀಗೆಯೇ ಕಡೆಗಣಿಸುತ್ತೇವೆ. ಸೊಂಟದ ಮೂಳೆ ಮುರಿದವರಲ್ಲಿ ತೀವ್ರ ಡಿಮೆನ್ಶಿಯಾ ಇದ್ದವರಿಗೆ ಉಳಿದವರ ಮೂರನೇ ಒಂದು ಭಾಗದಷ್ಟು ಮಾತ್ರ ಮಾರ್ಫಿನ್ ಬಗೆಯ ಔಷಧ ಸಿಕ್ಕಿತ್ತೆಂದು 2000ದಲ್ಲೇ ಅಮೆರಿಕದ ಅಧ್ಯಯನವೊಂದು ತೋರಿಸಿತ್ತು. ಕೇಳಿದರೆ ಹೇಳಲಾರದವರ ನೋವನ್ನು ಹುಬ್ಬು, ಉಸಿರು, ಮುಷ್ಟಿ ನೋಡಿ ಅಳೆಯಬೇಕು. ಲೂಯಿ ಬಾಡಿ ಎಂಬ ಬಗೆಯ ಡಿಮೆನ್ಶಿಯಾ ಇದ್ದವರಿಗೆ, ಕೆರಳಿದವರನ್ನು ತಣಿಸಲು ಕೊಡುವ ಹಾಲೊಪೆರಿಡಾಲ್ ಪ್ರಾಣಕ್ಕೇ ಎರವಾಗಬಹುದೆಂಬುದು ನಿನಗೆ ಗೊತ್ತೇ ಇದೆ, ಆದರೂ ಬರೆದೆ.

ಇಷ್ಟೆಲ್ಲ ಬರೆದು ನಿನ್ನನ್ನು ಇನ್ನಷ್ಟು ದಣಿಸಿದೆನೇನೋ. ಮಂಚಗಳು ತುಂಬಿ, ಬೆಳಕು ಆರದೆ, ಅಲಾರಂ ನಿಲ್ಲದ ಆ ಜಾಗದಲ್ಲಿ ನೆಟ್ಟಗಿರುವವರಿಗೇ ಹಗಲು ರಾತ್ರಿ ತಿಳಿಯದು. ಕೈ ಕಟ್ಟಿದ್ದನ್ನು ನೀನು ನನ್ನಿಂದ ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಅದು ನಿನ್ನನ್ನು ಕಾಡುತ್ತಿದೆಯೆಂದೇ ಹೇಳಿದೆಯೆಂದು ಈಗ ಅನ್ನಿಸುತ್ತಿದೆ, ಮತ್ತು ನನಗೆ ನಿನ್ನ ಡಿಗ್ರಿಗಿಂತ ಹೆಚ್ಚು ಹೆಮ್ಮೆ ಅದರ ಮೇಲೆಯೇ. ಕಾಡುವುದು ನಿಂತ ದಿನ ನನಗೆ ತಪ್ಪದೆ ತಿಳಿಸು.

ಆ ಅಜ್ಜನ ಕನ್ನಡಕ, ಕಿವಿಯ ಯಂತ್ರ ಮನೆಯವರ ಚೀಲದಲ್ಲೇ ಉಳಿದಿವೆಯೇ ವಿಚಾರಿಸು. ಮಗ ಹೊರಗೆ ಕಾಯುತ್ತಿದ್ದನೆಂದೆಯಲ್ಲ, ಅವನನ್ನು ಒಳಗೆ ಬಿಟ್ಟಿರಾ? ಮೂತ್ರದ ರಿಪೋರ್ಟ್ ಏನು ಬಂತು?

ನಿನ್ನ
ಅಮ್ಮ